ಎರಡು ಸರ್ವರ್ ಇಟ್ಟರೆ ಸಾಕಾ? ವೆಬ್ ಕ್ಲಸ್ಟರ್‌ಗೆ ಶೇರ್ಡ್ ಸ್ಟೋರೇಜ್ ಆರಿಸುವ ಲೆಕ್ಕಾಚಾರ

"ಸೈಟು ಒಂದೇ ಸರ್ವರಲ್ಲಿದೆ. ಅದು ಬಿದ್ದರೆ ಎಲ್ಲ ಬಿತ್ತು. ಎರಡು ಮೂರು ಸರ್ವರ್ ಹಾಕೋಣ ಅಂತಿದ್ದೀವಿ. ಸ್ಟೋರೇಜ್‌ಗೆ ಎನ್‌ಎಫ್‌ಎಸ್ ಸಾಕಾ, ಗ್ಲಸ್ಟರ್ ಹಾಕಬೇಕಾ, ಇಲ್ಲ ಸೆಫ್ ಒಳ್ಳೇದಾ?" ಹಾಸನದಲ್ಲಿ ಕೂತು ಸರ್ವರ್ ಕೆಲಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಒಂದೇ ಸೈಟಿಗೆ ದುಡಿಯುವ ಸರ್ವರುಗಳ ಗುಂಪು ಕ್ಲಸ್ಟರ್, ಅವೆಲ್ಲ ಒಂದೇ ಫೈಲುಗಳನ್ನು ಹಂಚಿಕೊಳ್ಳುವ ಜಾಗ ಶೇರ್ಡ್ ಸ್ಟೋರೇಜ್. ಎನ್‌ಎಫ್‌ಎಸ್, ಗ್ಲಸ್ಟರ್, ಸೆಫ್ ಅದನ್ನು ಕಟ್ಟುವ ಮೂರು ದಾರಿ. ಕೇಳುವವರು ಹೆಚ್ಚಾಗಿ ಮೂರು ಬಗೆ. ಒಬ್ಬರು ಸಕಲೇಶಪುರ, ಮೂಡಿಗೆರೆ ಕಡೆ ಹೋಮ್‌ಸ್ಟೇ ಬುಕಿಂಗ್ ಸೈಟ್ ನಡೆಸುವವರು. ಸಾಲು ರಜೆ ಬಂತೆಂದರೆ ಬೆಂಗಳೂರಿನವರೆಲ್ಲ ಒಟ್ಟಿಗೆ ಸೈಟಿಗೆ ನುಗ್ಗುತ್ತಾರೆ. ಇನ್ನೊಬ್ಬರು ಕಾಲೇಜಿನ ಪರೀಕ್ಷಾ ವಿಭಾಗದವರು. ವರ್ಷವೆಲ್ಲ ತಣ್ಣಗಿರುವ ಸೈಟು ರಿಸಲ್ಟ್ ದಿನ ಮಾತ್ರ ಕುದಿಯುತ್ತದೆ. ಮೂರನೆಯವರು ಊರಿನ ಸುದ್ದಿ ಪೋರ್ಟಲ್‌ನವರು. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಮಾತ್ರ ತೆರೆಯುತ್ತದಲ್ವಾ? ಆ ದಿನಗಳಲ್ಲಿ "ಈಗ ಸಾಲು ಎಲ್ಲಿವರೆಗೆ ಇದೆ" ಅಂತ ನೋಡುವವರ ಕಾಟ ತಡೆಯೋಕಾಗಲ್ಲ.

ಈ ಮೂವರಿಗೂ ಒಂದೇ ಉತ್ತರ ಕೊಡೋಕೆ ಬರಲ್ಲ. ಆದರೆ ಒಂದು ಸಣ್ಣ ಗುಣಾಕಾರ ಮೂವರೂ ಮಾಡಿ ನೋಡಬೇಕು.

ಒಂದು ಮೆಷೀನು ವರ್ಷದಲ್ಲಿ 99% ಹೊತ್ತು ಎದ್ದಿರುತ್ತದೆ ಅಂದುಕೊಳ್ಳಿ. ಅಂದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ ಬಿದ್ದಿರುತ್ತದೆ. ಅಂಥ ಎರಡು ವೆಬ್ ಸರ್ವರ್ ಇಟ್ಟರೆ ಎರಡೂ ಒಟ್ಟಿಗೆ ಬೀಳುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು. 99.99% ಆಯಿತು, ಖುಷಿ. ಆದರೆ ಅವೆರಡರ ಮುಂದೆ ಬಂದವರನ್ನು ಸರ್ವರುಗಳಿಗೆ ಹಂಚುವ ಒಂದೇ ಲೋಡ್ ಬ್ಯಾಲೆನ್ಸರ್, ಹಿಂದೆ ಒಂದೇ ಎನ್‌ಎಫ್‌ಎಸ್ ಸರ್ವರ್ ಇದೆ. ಅವೂ 99% ಮೆಷೀನುಗಳೇ. ಮೂರನ್ನೂ ಗುಣಿಸಿ. ಸುಮಾರು 98% ಬರುತ್ತದೆ. ನಾಲ್ಕು ಮೆಷೀನಿಗೆ ದುಡ್ಡು ಸುರಿದು ವರ್ಷಕ್ಕೆ ಏಳು ದಿನ ಬೀಳುವ ವ್ಯವಸ್ಥೆ ಕಟ್ಟಿದ ಹಾಗಾಯಿತು. ಮೊದಲಿದ್ದ ಒಂದೇ ಸರ್ವರ್ ಇದಕ್ಕಿಂತ ವಾಸಿ.

ನಾನು ನೋಡಿದ ಹೆಚ್ಚಿನ 'ಕ್ಲಸ್ಟರ್'ಗಳು ಈ ಆಕಾರದವೇ. ವೆಬ್ ಸರ್ವರ್ ಎಷ್ಟಿವೆ ಅಂತ ಎಲ್ಲರೂ ಎಣಿಸುತ್ತಾರೆ. ಅವೆಲ್ಲ ಒರಗಿಕೊಂಡಿರುವ ಒಂಟಿ ಡಬ್ಬ ಯಾರ ಕಣ್ಣಿಗೂ ಬೀಳುವುದಿಲ್ಲ. ಲೋಡ್ ಬ್ಯಾಲೆನ್ಸರ್ ಮಟ್ಟಿಗೆ ಪರಿಹಾರ ಸುಲಭ. ಎಚ್‌ಎ‌ಪ್ರಾಕ್ಸಿ ಎಂಬ ಲೋಡ್ ಹಂಚುವ ಸಾಫ್ಟ್‌ವೇರ್ ಹಾಕಿದ ಎರಡು ಚಿಕ್ಕ ಮೆಷೀನು, ಅವು ಒಂದರ ಮೇಲೊಂದು ಕಣ್ಣಿಡಲು ಕೀಪ್‌ಅಲೈವ್‌ಡಿ. ಒಂದು ಬಿದ್ದರೆ ಐಪಿ ವಿಳಾಸ ಕೆಲವೇ ಸೆಕೆಂಡಿನಲ್ಲಿ ಇನ್ನೊಂದಕ್ಕೆ ಹೋಗುತ್ತದೆ. ಕ್ಲೌಡ್‌ನಲ್ಲಾದರೆ ಅವರದೇ ಲೋಡ್ ಬ್ಯಾಲೆನ್ಸರ್ ತಗೊಳ್ಳಿ, ಅಲ್ಲಿ ಈ ಐಪಿ ಹಾರಿಸುವ ಆಟ ನೇರವಾಗಿ ನಡೆಯುವುದು ಕಮ್ಮಿ. ತಲೆನೋವು ಇರುವುದು ಸ್ಟೋರೇಜ್‌ನಲ್ಲಿ. ಅದನ್ನೇ ವಿವರವಾಗಿ ನೋಡೋಣ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ನಿಜವಾಗಲೂ ಹಂಚಿಕೊಳ್ಳಬೇಕಾದ ಸಾಮಾನು ಏನು? ಇದಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಯಾವ ಸೈಟಿನಲ್ಲೂ ನಾಲ್ಕು ಬಗೆಯ ಸರಕು ಇರುತ್ತದೆ. ಕೋಡು, ಸೆಷನ್, ಡೇಟಾಬೇಸ್, ಮತ್ತೆ ಜನ ಅಪ್‌ಲೋಡ್ ಮಾಡಿದ ಫೈಲು. ಕೋಡನ್ನು ಹಂಚಿಕೊಳ್ಳುವ ಅಗತ್ಯವೇ ಇಲ್ಲ. ಪ್ರತಿ ಸರ್ವರಿನ ಸ್ವಂತ ಡಿಸ್ಕಿನಲ್ಲಿ ಇಡಿ, ಹೊಸ ಆವೃತ್ತಿ ಬಂದಾಗ ಗಿಟ್ ಅಥವಾ ಆರ್‌ಸಿಂಕ್‌ನಿಂದ ಎಲ್ಲ ಕಡೆ ಹಾಕಿ. ವರ್ಡ್‌ಪ್ರೆಸ್, ಡ್ರುಪಲ್‌ನಂಥ ಸೈಟು ಒಂದು ಪುಟ ತೋರಿಸಲು ನೂರಾರು ಪಿಎಚ್‌ಪಿ ಫೈಲು ತೆರೆಯುತ್ತದೆ. ಅವು ನೆಟ್‌ವರ್ಕ್ ಆಚೆ ಇದ್ದರೆ "ಈ ಫೈಲು ಬದಲಾಗಿದೆಯಾ" ಅಂತ ಕೇಳುವುದರಲ್ಲೇ ಹೊತ್ತು ಹೋಗುತ್ತದೆ. ಕೋಡನ್ನು ಮೆಮೊರಿಯಲ್ಲಿಟ್ಟುಕೊಳ್ಳುವ ಆಪ್‌ಕ್ಯಾಶ್ ಇದ್ದರೂ ಡೀಫಾಲ್ಟ್ ಆಗಿ ಎರಡು ಸೆಕೆಂಡಿಗೊಮ್ಮೆ ಅದು ಮತ್ತೆ ಹೋಗಿ ವಿಚಾರಿಸುತ್ತದೆ. "ಗ್ಲಸ್ಟರ್ ಹಾಕಿದ ಮೇಲೆ ಸೈಟು ನಿಧಾನ ಆಯ್ತು" ಎನ್ನುವವರಲ್ಲಿ ಬಹಳಷ್ಟು ಜನ ಕೋಡನ್ನೂ ಅದರೊಳಗೇ ಇಟ್ಟಿರುತ್ತಾರೆ.

ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಎಂಬ ಮಾಹಿತಿ) ರೆಡಿಸ್ ಎಂಬ ಮೆಮೊರಿ ಡೇಟಾಬೇಸಿಗೆ ಹೋಗಲಿ, ಇಲ್ಲವೇ ಸಹಿ ಹಾಕಿದ ಕುಕಿಯಲ್ಲೇ ಇರಲಿ. ಒಬ್ಬ ಗ್ರಾಹಕನನ್ನು ಒಂದೇ ಸರ್ವರಿಗೆ ಅಂಟಿಸುವ ಸ್ಟಿಕಿ ಸೆಷನ್ ತಾತ್ಕಾಲಿಕಕ್ಕೆ ನಡೆಯುತ್ತದೆ. ಆದರೆ ಆ ಸರ್ವರ್ ಬಿದ್ದ ಕೂಡಲೇ ಅವನು ಲಾಗೌಟ್. ಅರ್ಧ ಪೇಮೆಂಟ್‌ನಲ್ಲಿದ್ದರೆ ನಿಮಗೇ ಫೋನು ಬರುತ್ತದೆ.

ಡೇಟಾಬೇಸ್‌ಗೆ ಅದರದೇ ದಾರಿ ಇದೆ. ಮರಿಯಾಡಿಬಿಯಾದರೆ ಗಲೇರಾ, ಪೋಸ್ಟ್‌ಗ್ರೆಸ್ ಆದರೆ ಸ್ಟ್ರೀಮಿಂಗ್ ರೆಪ್ಲಿಕೇಶನ್. ಎರಡೂ ಡೇಟಾಬೇಸನ್ನು ಬೇರೆ ಸರ್ವರಿಗೂ ಕಾಪಿ ಮಾಡುತ್ತಾ ಇರುವ ವಿಧಾನಗಳು. ಡೇಟಾಬೇಸಿನ ಫೋಲ್ಡರನ್ನು ಶೇರ್ಡ್ ಸ್ಟೋರೇಜ್‌ನಲ್ಲಿಟ್ಟು ಎರಡು ಕಡೆಯಿಂದ ಸ್ಟಾರ್ಟ್ ಮಾಡುವ ಯೋಚನೆ ಯಾರಿಗಾದರೂ ಬಂದಿದ್ದರೆ ಇಲ್ಲೇ ಬಿಟ್ಟುಬಿಡಿ. ಡೇಟಾ ಚಿಂದಿಯಾಗುತ್ತದೆ.

ಉಳಿದದ್ದು ಅಪ್‌ಲೋಡ್ ಫೈಲುಗಳು ಮಾತ್ರ. ಹೋಮ್‌ಸ್ಟೇ ಫೋಟೋ, ರಿಸಲ್ಟ್ ಪಿಡಿಎಫ್, ಸುದ್ದಿಯ ಚಿತ್ರ. ಲೆಕ್ಕ ಹಾಕಿದರೆ ಎಷ್ಟೋ ಸೈಟಿಗೆ ಇದು 50, 100 ಜಿಬಿ ದಾಟುವುದಿಲ್ಲ. ಇಷ್ಟಕ್ಕೆ ಯಾವ ಸ್ಟೋರೇಜ್ ಬೇಕು ಅನ್ನುವುದು ಈಗ ಬೇರೆಯದೇ ಪ್ರಶ್ನೆ ಅಲ್ವಾ? (ಹಾಂ, ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕ್ರಾನ್ ಕೆಲಸಗಳನ್ನು ಮರೆಯಬೇಡಿ. ಎರಡು ಸರ್ವರಲ್ಲೂ ಅದೇ ಕ್ರಾನ್ ಓಡಿದರೆ ಗ್ರಾಹಕರಿಗೆ ಎರಡೆರಡು ಎಸ್‌ಎಂಎಸ್ ಹೋಗುತ್ತದೆ.)

ಎರಡನೆಯ ಪ್ರಶ್ನೆ, ಎಷ್ಟು ಹೊತ್ತು ಬಿದ್ದರೆ ತಡೆದುಕೊಳ್ಳುತ್ತೀರಿ, ಎಷ್ಟು ಡೇಟಾ ಹೋದರೆ ಪರವಾಗಿಲ್ಲ. ಇವೆರಡೂ ಬೇರೆ ಬೇರೆ. 99.9% ಅಂದರೆ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ. 99.99% ಅಂದರೆ 52 ನಿಮಿಷ. ಮೊದಲಿನದರಿಂದ ಎರಡನೆಯದಕ್ಕೆ ಹೋಗಲು ದುಡ್ಡು ಸುಮ್ನೆ ಇಮ್ಮಡಿ ಆಗುವುದಿಲ್ಲ. ರಾತ್ರಿ ಪಾಳಿಗೆ ಜನ ಬೇಕಾಗುತ್ತಾರೆ.

ಮೂರನೆಯದು, ಸರ್ವರುಗಳ ನಡುವಿನ ತಂತಿ ಕಡಿದರೆ ಏನಾಗುತ್ತದೆ. ಎರಡೇ ಮೆಷೀನಿದ್ದರೆ ಪ್ರತಿಯೊಂದೂ "ಇನ್ನೊಂದು ಸತ್ತಿದೆ" ಅಂದುಕೊಂಡು ತಾನೇ ಯಜಮಾನ ಆಗುತ್ತದೆ. ಎರಡು ಕಡೆಯೂ ಬೇರೆ ಬೇರೆ ಬರಹ ಶುರು. ಇದೇ ಸ್ಪ್ಲಿಟ್ ಬ್ರೇನ್. ತಂತಿ ಮತ್ತೆ ಕೂಡಿದಾಗ ಯಾವುದು ಸರಿ ಎಂದು ಯಾವ ಸಾಫ್ಟ್‌ವೇರೂ ಹೇಳಲಾರದು. ಹಾಗಾಗಿ ಬಹುಮತ ಬೇಕು, ಅದಕ್ಕೆ ಮೂರನೆಯ ಓಟು ಬೇಕು. ಆ ಮೂರನೆಯದು ದೊಡ್ಡ ಸರ್ವರೇ ಆಗಬೇಕಿಲ್ಲ, ಮುಂದೆ ಹೇಳುತ್ತೇನೆ.

ಆಮೇಲೆ, ಫೈಲು ಯಾವ ಬಗೆಯವು? ಕೆಲವೇ ದೊಡ್ಡ ವಿಡಿಯೋ ಬೇರೆ, ಲಕ್ಷಾಂತರ ಪುಟ್ಟ ಥಂಬ್‌ನೇಲ್ ಬೇರೆ. ಜೊತೆಗೆ ದುಡ್ಡು. ಇಲ್ಲಿ ಡಿಸ್ಕಿನ ಬೆಲೆ ನೋಡಬೇಡಿ, ಕಾಪಿಗಳೆಲ್ಲ ಕಳೆದ ಮೇಲೆ ಬಳಸಲು ಸಿಗುವ ಒಂದು ಟಿಬಿಗೆ ಎಷ್ಟು ಬಿತ್ತು ನೋಡಿ. ಕೊನೆಗೆ, ಇದು ಕೈಕೊಟ್ಟಾಗ ರಿಪೇರಿ ಮಾಡುವವರು ಯಾರು? ಆ ವ್ಯಕ್ತಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಆಮೇಲೆ ಯಾರು? ನಮ್ಮ ಊರುಗಳಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ.

ಒಂದೇ ಸರ್ವರ್, ಗಟ್ಟಿ ಬ್ಯಾಕಪ್

ಇದನ್ನು ಆಯ್ಕೆ ಅಂತ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಾನು ತಗೊಳ್ಳುತ್ತೇನೆ. ಒಳ್ಳೆ ಡೇಟಾ ಸೆಂಟರಲ್ಲಿ ಒಂದು ವರ್ಚುವಲ್ ಮೆಷೀನು, ದಿನಾ ಬ್ಯಾಕಪ್, ಮುಂದೆ ಸಿಡಿಎನ್ (ಪುಟ, ಚಿತ್ರಗಳ ಕಾಪಿ ಇಟ್ಟುಕೊಂಡು ಓದುಗರಿಗೆ ಹತ್ತಿರದಿಂದ ಕೊಡುವ ಸೇವೆ). ಮೆಷೀನು ಕೆಟ್ಟರೆ ಬ್ಯಾಕಪ್‌ನಿಂದ ಹೊಸದು ಎಬ್ಬಿಸಲು ಒಂದೆರಡು ಗಂಟೆ. ದಿನಕ್ಕೆ ಹತ್ತಿಪ್ಪತ್ತು ಬುಕಿಂಗ್ ಬರುವ ಹೋಮ್‌ಸ್ಟೇ ಸೈಟಿಗೆ ಇದು ಧಾರಾಳ ಸಾಕು. ವರ್ಷಕ್ಕೊಮ್ಮೆ ಎರಡು ಗಂಟೆ ಬಿದ್ದರೂ 99.9%ರ ಒಳಗೇ ಇದ್ದೀರಿ.

ಕಾಪಿ ಮಾಡಿಕೊಂಡು ಸಾಗುವುದು

ಎರಡು ವೆಬ್ ಸರ್ವರ್, ಶೇರ್ಡ್ ಸ್ಟೋರೇಜ್ ಇಲ್ಲವೇ ಇಲ್ಲ. ಒಂದು ಸರ್ವರಿನ ಅಪ್‌ಲೋಡ್ ಫೋಲ್ಡರನ್ನು ಆರ್‌ಸಿಂಕ್ ಅಥವಾ ಎಲ್‌ಸಿಂಕ್‌ಡಿ ಇನ್ನೊಂದಕ್ಕೆ ಕಾಪಿ ಮಾಡುತ್ತಾ ಇರುತ್ತದೆ. ಅಪ್‌ಲೋಡ್ ಮಾಡುವವರು ನಿಮ್ಮ ಸಿಬ್ಬಂದಿ ಮಾತ್ರ, ಓದುವವರು ಸಾವಿರಾರು ಜನ ಅನ್ನುವ ಸೈಟಿಗೆ ಇದು ಹೇಳಿ ಮಾಡಿಸಿದಂತಿದೆ. ಎಚ್‌ಎ‌ಪ್ರಾಕ್ಸಿಯಲ್ಲಿ ಅಡ್ಮಿನ್ ಪುಟಗಳನ್ನೆಲ್ಲ ಮೊದಲನೇ ಸರ್ವರಿಗೆ ಕಳಿಸುವ ಒಂದು ನಿಯಮ ಬರೆದರೆ ಆಯಿತು.

ತೊಂದರೆ ಎರಡು. ಎಲ್‌ಸಿಂಕ್‌ಡಿ ಡೀಫಾಲ್ಟ್ ಆಗಿ 15 ಸೆಕೆಂಡು ಬದಲಾವಣೆಗಳನ್ನು ಕೂಡಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ಅಷ್ಟು ಹೊತ್ತು ಹೊಸ ಫೋಟೋ ಎರಡನೇ ಸರ್ವರಲ್ಲಿ ಕಾಣುವುದಿಲ್ಲ. ಇನ್ನೊಂದು, ಇದು ಏಕಮುಖ ರಸ್ತೆ. ಎರಡೂ ಕಡೆಯಿಂದ ಕಾಪಿ ಮಾಡೋಣ ಎಂದು, ಜೊತೆಗೆ ಡಿಲೀಟ್ ಆಯ್ಕೆಯನ್ನೂ ಹಾಕಿದರೆ ಹೊಸ ಫೈಲುಗಳು ಮಾಯ ಆಗಲು ಶುರುವಾಗುತ್ತವೆ. ಜನರೇ ಫೈಲು ಏರಿಸುವ ಸೈಟಿಗೆ ಇದು ಬೇಡ.

ಒಂಟಿ ಎನ್‌ಎಫ್‌ಎಸ್

ಸನ್ ಕಂಪನಿ 1984ರಲ್ಲಿ ಹೊರತಂದ ಎನ್‌ಎಫ್‌ಎಸ್ ಇವತ್ತಿಗೂ ಎಲ್ಲರ ಮೊದಲ ಆಯ್ಕೆ. ಕಾರಣ ಸರಳ. ಅರ್ಧ ಗಂಟೆಯಲ್ಲಿ ಸಿದ್ಧ, ಎಲ್ಲ ಲಿನಕ್ಸ್‌ನಲ್ಲೂ ಇದೆ, ವೇಗವೂ ಚೆನ್ನಾಗಿದೆ, ಹೊಸ ವೆಬ್ ಸರ್ವರ್ ಸೇರಿಸಲು ಒಂದೇ ಸಾಲು ಸಾಕು. ಸರ್ವರ್ ಬೆಳೆಸುವ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ತಡೆದುಕೊಳ್ಳುವ ವಿಷಯದಲ್ಲಿ ಸೊನ್ನೆ.

ಅದು ಬಿದ್ದಾಗ ಹೇಗಿರುತ್ತದೆ ಎಂದು ಒಂದು ಕಾಲೇಜಿನ ರಿಸಲ್ಟ್ ದಿನ ಹತ್ತಿರದಿಂದ ನೋಡಿದ್ದೇನೆ. ಎನ್‌ಎಫ್‌ಎಸ್ ಮೆಷೀನಿನ ಪವರ್ ಸಪ್ಲೈ ಸುಟ್ಟುಹೋಗಿತ್ತು. ವೆಬ್ ಸರ್ವರುಗಳು ಮೂರೂ ಎದ್ದಿದ್ದವು, ಪಿಂಗ್ ಹೋಗುತ್ತಿತ್ತು. ಒಳಗೆ ಹೋಗಿ ಸರ್ವರಿನ ಭಾರ ತೋರಿಸುವ 'ಟಾಪ್' ಹೊಡೆದರೆ ಲೋಡ್ 200 ದಾಟಿದೆ, ಆದರೆ ಸಿಪಿಯು ಬಹುಪಾಲು ಖಾಲಿ. ಡಿಸ್ಕಿನ ಜಾಗ ತೋರಿಸುವ 'ಡಿಎಫ್' ಹೊಡೆದರೆ ಕರ್ಸರ್ ಹಾಗೇ ನಿಂತಿತು, ಕಂಟ್ರೋಲ್-ಸಿ ಒತ್ತಿದರೂ ಬಗ್ಗಲಿಲ್ಲ. ಅಪಾಚೆಯ ಪ್ರಕ್ರಿಯೆಗಳೆಲ್ಲ 'ಡಿ' ಸ್ಥಿತಿಯಲ್ಲಿ ಡಿಸ್ಕಿಗಾಗಿ ಕಾಯುತ್ತಾ ಕೂತಿವೆ. ಹಾರ್ಡ್ ಮೌಂಟ್ ಅಂದರೆ ಅದೇ, ಸರ್ವರ್ ಬರುವ ತನಕ ಕಾಯುತ್ತಲೇ ಇರುತ್ತದೆ. ಸಾಫ್ಟ್ ಮೌಂಟ್ ಮಾಡಿದರೆ ಕಾಯುವುದಿಲ್ಲ ನಿಜ, ಆದರೆ ಬರೆಯುವ ಮಧ್ಯೆ ಕೈಬಿಟ್ಟರೆ ಫೈಲು ಅರ್ಧಂಬರ್ಧ ಉಳಿಯುತ್ತದೆ. ಬರೆಯುವ ಜಾಗಕ್ಕೆ ಹಾರ್ಡ್ ಮೌಂಟೇ ಸರಿ.

ಅಲ್ಲಿ ಕಂಡ ಇನ್ನೊಂದು ತಮಾಷೆ ಎಂದರೆ ಲೋಡ್ ಬ್ಯಾಲೆನ್ಸರ್ ಮಾತ್ರ ಮೂರೂ ಸರ್ವರಿಗೆ ಹಸಿರು ದೀಪ ತೋರಿಸುತ್ತಿತ್ತು. ಅದು ಪರೀಕ್ಷಿಸುತ್ತಿದ್ದದ್ದು 80ನೇ ಪೋರ್ಟ್ ತೆರೆದಿದೆಯಾ ಎಂದಷ್ಟೇ. ಹಾಗಂತ ಹೆಲ್ತ್ ಚೆಕ್‌ನಲ್ಲಿ ಎನ್‌ಎಫ್‌ಎಸ್ ಫೈಲನ್ನೇ ಓದಿಸಿದರೆ ಇನ್ನೊಂದು ಅಪಾಯ. ಸ್ಟೋರೇಜ್ ಬಿದ್ದ ಕ್ಷಣ ಮೂರೂ ಸರ್ವರ್ ಒಟ್ಟಿಗೆ ಹೊರಗೆ, ಫೋಟೋ ಬೇಡದ ಪುಟಗಳೂ ಬಂದ್. ನನ್ನ ಸಲಹೆ ಹೀಗೆ: ಹೆಲ್ತ್ ಚೆಕ್ ನಿಮ್ಮ ಆ್ಯಪ್‌ನ ಒಂದು ನಿಜವಾದ ಪುಟವನ್ನು ಕೇಳಲಿ, ಎರಡು ಮೂರು ಸೆಕೆಂಡಿನ ಮಿತಿ ಇರಲಿ. ಸ್ಟೋರೇಜ್‌ಗೆ ಪ್ರತ್ಯೇಕ ಅಲಾರಾಂ ಇಡಿ. ಅಪ್‌ಲೋಡ್ ಫೋಲ್ಡರಿಗೆ ಹೋಗುವ ವಿನಂತಿಗಳನ್ನು ಬೇರೆ ಎಂಜಿನ್‌ಎಕ್ಸ್ ಮೆಷೀನಿಗೆ ಕೊಡಿ. ಆಗ ಕಾದು ಕೂರುವುದು ಅದೊಂದೇ, ಉಳಿದ ಸೈಟು ನಡೆಯುತ್ತದೆ.

ಎನ್‌ಎಫ್‌ಎಸ್ ಜೊತೆ ಡಿಆರ್‌ಬಿಡಿ

ಎನ್‌ಎಫ್‌ಎಸ್ ಇಷ್ಟ, ಆದರೆ ಒಂಟಿಯಾಗಿರುವುದು ಕಷ್ಟ ಅನ್ನುವವರಿಗೆ ಇದು. ಎರಡು ಸ್ಟೋರೇಜ್ ಮೆಷೀನು. ಒಂದರ ಡಿಸ್ಕಿಗೆ ಬರೆದದ್ದೆಲ್ಲ ಡಿಆರ್‌ಬಿಡಿ ಮೂಲಕ ಇನ್ನೊಂದಕ್ಕೂ ಬರೆಯಲ್ಪಡುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲೇ 2.6.33ರಿಂದ ಇದೆ. ಪ್ರೋಟೊಕಾಲ್ ಸಿ ಆರಿಸಿದರೆ ಎರಡೂ ಕಡೆ ಬರೆದಾದ ಮೇಲೆಯೇ "ಆಯ್ತು" ಎನ್ನುತ್ತದೆ. ಹಾಗಾಗಿ ಡೇಟಾ ನಷ್ಟ ಇಲ್ಲ. ಒಂದು ಬಿದ್ದರೆ ಎರಡರ ಮೇಲೂ ಕಣ್ಣಿಟ್ಟಿರುವ ಪೇಸ್‌ಮೇಕರ್ ಎಂಬ ಸಾಫ್ಟ್‌ವೇರ್ ಇನ್ನೊಂದನ್ನು ಮುಂದೆ ತರುತ್ತದೆ.

ನನ್ನ ಮೆಚ್ಚಿನ ವ್ಯವಸ್ಥೆ ಇದು. ಹಳೆಯದು, ಅದರ ಕುಂದುಕೊರತೆಗಳೆಲ್ಲ ಗೊತ್ತಿರುವಂಥವೇ. ವೆಬ್ ಸರ್ವರಿಗೆ ಕಾಣುವುದು ಮಾಮೂಲಿ ಎನ್‌ಎಫ್‌ಎಸ್. ಸಣ್ಣ ಫೈಲಿಗೂ ವೇಗ ಬೀಳುವುದಿಲ್ಲ. ಕಟ್ಟುವಾಗ ಕೈ ಸುಟ್ಟುಕೊಳ್ಳುವ ಜಾಗಗಳನ್ನು ಮಾತ್ರ ಹೇಳಿಬಿಡುತ್ತೇನೆ. ಎರಡೂ ಮೆಷೀನಿನ ಎಕ್ಸ್‌ಪೋರ್ಟ್ ಸಾಲಿನಲ್ಲಿ ಎಫ್‌ಎಸ್‌ಐಡಿ (ಫೈಲು ಸಿಸ್ಟಮ್ಮಿನ ಗುರುತು ಸಂಖ್ಯೆ) ಒಂದೇ ಇರಬೇಕು. ಇಲ್ಲದಿದ್ದರೆ ಬದಲಾವಣೆ ಆದ ಮೇಲೆ ಎಲ್ಲ ಕ್ಲೈಂಟಿನಲ್ಲೂ 'ಸ್ಟೇಲ್ ಫೈಲ್ ಹ್ಯಾಂಡಲ್' ಎಂಬ ದೋಷ. ಎನ್‌ಎಫ್‌ಎಸ್ 4ರಲ್ಲಿ ಲಾಕ್ ಮರಳಿ ಪಡೆಯಲು 90 ಸೆಕೆಂಡಿನ ಗಡುವು ಇದೆ. ಫೇಲ್‌ಓವರ್ (ಬಿದ್ದದ್ದರ ಕೆಲಸವನ್ನು ಇನ್ನೊಂದು ವಹಿಸಿಕೊಳ್ಳುವುದು) ಐದು ಸೆಕೆಂಡಿನಲ್ಲಿ ಮುಗಿದರೂ ಹೊಸದಾಗಿ ಫೈಲು ತೆರೆಯುವವರು ಒಂದೂವರೆ ನಿಮಿಷದವರೆಗೆ ಕಾಯಬೇಕಾಗಬಹುದು. ಆ ಗಡುವನ್ನು ಕಮ್ಮಿ ಮಾಡಲು ಬರುತ್ತದೆ. ನಡುವೆ ಒಂದು ಗಿಗಾಬಿಟ್ ತಂತಿ ಇದ್ದರೆ ಬರೆಯುವ ವೇಗ ಸೆಕೆಂಡಿಗೆ 110 ಎಂಬಿ ಆಸುಪಾಸಿಗೆ ನಿಲ್ಲುತ್ತದೆ. ವೆಬ್‌ಸೈಟಿಗೆ ಅದು ಜಾಸ್ತಿಯೇ.

ಫೆನ್ಸಿಂಗ್ ಬಿಡುವ ಹಾಗಿಲ್ಲ. ಸತ್ತಂತೆ ಕಾಣುವ ಮೆಷೀನು ನಿಜವಾಗಲೂ ಸತ್ತಿದೆ ಎಂದು ಖಾತ್ರಿ ಮಾಡಲು ಅದರ ಪವರನ್ನೇ ಕಡಿಯುವ ವ್ಯವಸ್ಥೆ ಅದು. "ಅದು ಆಮೇಲೆ ನೋಡೋಣ" ಎಂದು ಫೆನ್ಸಿಂಗನ್ನು ಆಫ್ ಮಾಡಿಟ್ಟ ಕ್ಲಸ್ಟರ್ ಎಂದಾದರೊಂದು ದಿನ ಸ್ಪ್ಲಿಟ್ ಬ್ರೇನ್ ಆಗಿಯೇ ಆಗುತ್ತದೆ. ಮೂರನೇ ಓಟಿಗೆ ಕ್ಯೂಡಿವೈಸ್ ಎಂಬ ಪುಟ್ಟ ಸೇವೆ ಇದೆ, ರಾಸ್ಪ್‌ಬೆರಿ ಪೈನಂಥ ಚಿಕ್ಕ ಮೆಷೀನಿನಲ್ಲೂ ಓಡುತ್ತದೆ. ಕೊರತೆ ಏನೆಂದರೆ ಇಡೀ ಭಾರ ಒಂದು ಹೊತ್ತಿಗೆ ಒಂದೇ ಮೆಷೀನಿನ ಮೇಲೆ. ಇನ್ನೊಂದು ಸುಮ್ನೆ ಕೂತಿರುತ್ತದೆ. ಹತ್ತಾರು ಟಿಬಿಗೆ ಬೆಳೆಯುವವರಿಗೆ ಇದು ಸಾಲದು.

ಗ್ಲಸ್ಟರ್

ಗ್ಲಸ್ಟರ್‌ಎಫ್‌ಎಸ್ ಕೆಲಸದ ದೊಡ್ಡ ಪಾಲು ನಮ್ಮ ಬೆಂಗಳೂರಿನಲ್ಲೇ ನಡೆದದ್ದು. 2011ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡಿತು. ಕಟ್ಟುವುದು ಸುಲಭ, ಫೈಲು ಡಿಸ್ಕಿನ ಮೇಲೆ ಫೈಲಾಗಿಯೇ ಕಾಣುತ್ತದೆ, ಎಲ್ಲ ಮೆಷೀನೂ ಕೆಲಸ ಮಾಡುತ್ತದೆ. ಎರಡು ಪೂರ್ತಿ ಕಾಪಿ, ಜೊತೆಗೆ ಮೂರನೆಯದಾಗಿ ಆರ್ಬಿಟರ್. ಈ ಆರ್ಬಿಟರ್ ಫೈಲಿನ ಹೆಸರು, ವಿವರ ಮಾತ್ರ ಇಟ್ಟುಕೊಳ್ಳುತ್ತದೆ, ಒಳಗಿನ ಡೇಟಾ ಇಲ್ಲ. ಹಾಗಾಗಿ ಮೂರನೇ ಮೆಷೀನು ಚಿಕ್ಕದಾದರೂ ನಡೆಯುತ್ತದೆ. ಬರೀ ಎರಡು ಕಾಪಿ ಇಟ್ಟು ಆರ್ಬಿಟರ್ ಬಿಟ್ಟರೆ ಸ್ಪ್ಲಿಟ್ ಬ್ರೇನ್ ಗ್ಯಾರಂಟಿ.

ದೊಡ್ಡ ಫೈಲಿಗೆ ಚೆನ್ನ. ಲಕ್ಷಗಟ್ಟಲೆ ಸಣ್ಣ ಫೈಲಿಗೆ ನಿಧಾನ, ಏಕೆಂದರೆ ಪ್ರತಿ ಸಲ ಫೈಲು ಹುಡುಕುವಾಗ ಎಲ್ಲ ಕಾಪಿಗಳನ್ನೂ ವಿಚಾರಿಸುತ್ತದೆ. ನಾನು ಈಗ ಹೊಸಬರಿಗೆ ಇದನ್ನು ಹೇಳದಿರಲು ಕಾರಣ ಮಾತ್ರ ಬೇರೆ. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನದ ಬೆಂಬಲವನ್ನು 2024ರ ಕೊನೆಗೆ ನಿಲ್ಲಿಸಿತು. ವರ್ಚುವಲ್ ಮೆಷೀನು ನಡೆಸಲು ಬಳಸುವ, 2025ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ 9 ಕೂಡ ಇದನ್ನು ಕೈಬಿಟ್ಟಿದೆ. ಈಗಾಗಲೇ ಓಡುತ್ತಿದ್ದರೆ ಗಾಬರಿಯಿಂದ ಕೀಳಬೇಡಿ. ಹೊಸದಾಗಿ ಶುರು ಮಾಡುವವರು ಬೇರೆ ದಾರಿ ನೋಡಿ.

ಸೆಫ್

ಎಲ್ಲರಿಗೂ ಆಸೆ ಇರುವುದು ಇದರ ಮೇಲೆ. ಸೇಜ್ ವೈಲ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಮಾಡಿದ ಕೆಲಸ, ಇವತ್ತು ದೊಡ್ಡ ದೊಡ್ಡ ಕ್ಲೌಡ್‌ಗಳ ಅಡಿಪಾಯ. ಡಿಸ್ಕು ಸತ್ತರೆ ತಾನೇ ಕಾಪಿ ಮಾಡಿ ವಾಸಿ ಮಾಡಿಕೊಳ್ಳುತ್ತದೆ. ಮೆಷೀನು ಸೇರಿಸಿದರೆ ತಾನೇ ಹಂಚಿಕೊಳ್ಳುತ್ತದೆ. ಫೈಲು, ಬ್ಲಾಕ್, ಆಬ್ಜೆಕ್ಟ್ ಮೂರೂ ಒಂದೇ ಕಡೆ.

ಈಗ ಲೆಕ್ಕ ಮಾಡಿ. ಮೂರು ಮೆಷೀನು, ತಲಾ 4 ಟಿಬಿ. ಒಟ್ಟು 12. ಮೂರು ಕಾಪಿ ಇಡುವುದರಿಂದ ಸಿಗುವುದು 4. ಅದರಲ್ಲೂ 85% ತುಂಬಿದಾಗ ಎಚ್ಚರಿಕೆ, 95%ಕ್ಕೆ ಬರೆಯುವುದೇ ಬಂದ್. ಆರಾಮಾಗಿ ಬಳಸಬಹುದಾದ್ದು 3.4 ಟಿಬಿ. ಪ್ರತಿ ಡಿಸ್ಕನ್ನು ನೋಡಿಕೊಳ್ಳುವ ಓಎಸ್‌ಡಿ ಎಂಬ ಪ್ರೋಗ್ರಾಮಿಗೆ ಡೀಫಾಲ್ಟ್ 4 ಜಿಬಿ ರ‍್ಯಾಮ್ ಗುರಿ. 10 ಗಿಗಾಬಿಟ್ ನೆಟ್‌ವರ್ಕ್ ಇಲ್ಲದಿದ್ದರೆ ವಾಸಿ ಮಾಡಿಕೊಳ್ಳುವ ಹೊತ್ತಿನಲ್ಲಿ ಸೈಟು ತೆವಳುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸ್‌ಎಸ್‌ಡಿ ಹಾಕಿದರೆ ಬರವಣಿಗೆ ನಿಧಾನ, ಕರೆಂಟ್ ಹೋದಾಗ ಡೇಟಾ ಕಾಪಾಡುವ ಕೆಪಾಸಿಟರ್ ಇರುವ ಸರ್ವರ್ ದರ್ಜೆಯದೇ ಬೇಕು. ಇನ್ನು ಮೂರೇ ಮೆಷೀನಿದ್ದು ಒಂದು ಸತ್ತರೆ, ಮೂರನೇ ಕಾಪಿ ಇಡಲು ಜಾಗವೇ ಇಲ್ಲ. ಸೈಟು ಓಡುತ್ತದೆ, ಆದರೆ ತಾನೇ ವಾಸಿ ಮಾಡಿಕೊಳ್ಳುವ ಆ ಜಾದೂ ನಡೆಯುವುದಿಲ್ಲ. ಅದಕ್ಕೆ ನಾಲ್ಕು ಬೇಕು.

100 ಜಿಬಿ ಫೋಟೋಗೆ ಸೆಫ್ ಕಟ್ಟುವುದು ಹತ್ತು ಗುಂಟೆ ಹೊಲಕ್ಕೆ ಟ್ರ್ಯಾಕ್ಟರ್ ಕೊಂಡ ಹಾಗೆ. ಆದರೆ ನೀವು ಸಾಫ್ಟ್‌ವೇರ್ ಕಂಪನಿ, ಹತ್ತಾರು ಗ್ರಾಹಕರ ವರ್ಚುವಲ್ ಮೆಷೀನುಗಳಿವೆ, ಸ್ಟೋರೇಜ್ 20 ಟಿಬಿ ದಾಟಿದೆ, ಇದನ್ನೇ ನೋಡಿಕೊಳ್ಳಲು ಕನಿಷ್ಠ ಇಬ್ಬರು ಇದ್ದಾರೆ ಅಂದರೆ ಸೆಫ್‌ಗೆ ಸಾಟಿ ಇಲ್ಲ. ಪ್ರಾಕ್ಸ್‌ಮಾಕ್ಸ್ ಜೊತೆ ತಗೊಂಡರೆ ಆರಂಭದ ಕಷ್ಟವೂ ಕಮ್ಮಿ.

ಓಸಿಎಫ್‌ಎಸ್2, ಜಿಎಫ್‌ಎಸ್2 ಎಂಬ, ಒಂದೇ ಡಿಸ್ಕನ್ನು ಹಲವು ಸರ್ವರ್ ಒಟ್ಟಿಗೆ ಬಳಸುವ ಫೈಲು ಸಿಸ್ಟಮ್ಮುಗಳ ಬಗ್ಗೆಯೂ ಕೇಳುತ್ತಾರೆ. ಕೈಯಲ್ಲಿ ಈಗಾಗಲೇ ಎರಡು ಕಂಟ್ರೋಲರಿನ ಸ್ಯಾನ್ ಡಬ್ಬ (ಹಲವು ಸರ್ವರಿಗೆ ಡಿಸ್ಕ್ ಒದಗಿಸುವ ಸ್ಟೋರೇಜ್ ಪೆಟ್ಟಿಗೆ) ಇದ್ದರೆ ಮಾತ್ರ ಯೋಚಿಸಿ. ಅದಕ್ಕೋಸ್ಕರ ಸ್ಯಾನ್ ಕೊಳ್ಳಬೇಡಿ.

ಆಬ್ಜೆಕ್ಟ್ ಸ್ಟೋರೇಜ್

ಫೈಲು ಸಿಸ್ಟಮ್ಮೇ ಬೇಡ, ಅಪ್‌ಲೋಡ್ ಆದ ಫೈಲು ನೇರವಾಗಿ ಅಮೆಜಾನ್ ಕ್ಲೌಡ್‌ನ (ಎಡಬ್ಲ್ಯುಎಸ್) ಎಸ್3 ಬಗೆಯ ಬಕೆಟ್‌ಗೆ ಹೋಗಲಿ ಅನ್ನುವುದು ಈ ದಾರಿ. ವೆಬ್ ಸರ್ವರಿನಲ್ಲಿ ಉಳಿಯುವಂಥದ್ದು ಏನೂ ಇರುವುದಿಲ್ಲ. ಒಂದು ಸತ್ತರೆ ಎಸೆದು ಇನ್ನೊಂದು ಎಬ್ಬಿಸಿ. ಎಡಬ್ಲ್ಯುಎಸ್‌ಗೆ ಮುಂಬೈಯಲ್ಲಿ 2016ರಿಂದ, ಹೈದರಾಬಾದ್‌ನಲ್ಲಿ 2022ರಿಂದ ಕೇಂದ್ರ ಇದೆ, ಅವನ್ನು ಆರಿಸಿದರೆ ಡೇಟಾ ದೇಶದೊಳಗೇ ಇರುತ್ತದೆ. 2020ರ ಡಿಸೆಂಬರ್‌ನಿಂದ ಎಸ್3ಗೆ ಬರೆದದ್ದು ತಕ್ಷಣ ಓದಲು ಸಿಗುತ್ತದೆ. ಮೊದಲಿದ್ದ "ಹಾಕಿದೆ, ಕಾಣ್ತಿಲ್ಲ" ಎಂಬ ಗೋಳು ಈಗ ಇಲ್ಲ.

ಬೆಲೆ ಕೊಡಬೇಕಾಗಿರುವುದು ಎರಡು ಕಡೆ. ಒಂದು, ಕೋಡು ಬದಲಾಯಿಸಬೇಕು. ವರ್ಡ್‌ಪ್ರೆಸ್, ಲಾರಾವೆಲ್, ಜ್ಯಾಂಗೋಗೆಲ್ಲ ಸಿದ್ಧ ಪ್ಲಗಿನ್ ಇದೆ. ಯಾರೋ ಹತ್ತು ವರ್ಷದ ಹಿಂದೆ ಬರೆದು ಹೋದ ಪಿಎಚ್‌ಪಿ ಆದರೆ ಪ್ರತಿ ಅಪ್‌ಲೋಡ್ ಜಾಗವನ್ನೂ ಹುಡುಕಿ ತಿದ್ದಬೇಕು. ಎರಡು, ಹೊರಹೋಗುವ ಡೇಟಾಗೆ ಬಿಲ್ಲು. ಎಡಬ್ಲ್ಯುಎಸ್‌ನಲ್ಲಿ ತಿಂಗಳಿಗೆ 100 ಜಿಬಿ ಬಿಟ್ಟಿ, ಆಮೇಲೆ ಮೀಟರ್ ಓಡುತ್ತದೆ. ಚಿತ್ರ ಜಾಸ್ತಿ ಇರುವ ಸುದ್ದಿ ಪೋರ್ಟಲ್‌ಗೆ ಇದು ನೋವು. ಕ್ಲೌಡ್‌ಫ್ಲೇರ್ ಆರ್2ನಲ್ಲಿ ಹೊರಹೋಗುವ ಡೇಟಾಗೆ ಶುಲ್ಕ ಇಲ್ಲ, ಅಂಥವರು ಅತ್ತ ನೋಡಬಹುದು.

ಕೋಡು ಮುಟ್ಟೋಕೆ ಆಗಲ್ಲ ಅನ್ನುವವರಿಗೆ ಎಡಬ್ಲ್ಯುಎಸ್‌ನ ಇಎಫ್‌ಎಸ್ ಇದೆ. ಹೊರಗಿನಿಂದ ನೋಡಿದರೆ ಎನ್‌ಎಫ್‌ಎಸ್, ಒಳಗೆ ಹಲವು ಕಡೆ ಕಾಪಿ. ಆದರೆ ಒಂದು ಜಿಬಿಗೆ ಎಸ್3ಗಿಂತ ಹತ್ತು ಪಟ್ಟಿಗೂ ಜಾಸ್ತಿ. 50 ಜಿಬಿಗೆ ಪರವಾಗಿಲ್ಲ, 5 ಟಿಬಿಗೆ ಕಣ್ಣೀರು.

ಸ್ವಂತ ಮೆಷೀನಿನಲ್ಲೇ ಎಸ್3 ಬೇಕೆಂದು ಮಿನಿಯೋ ಹಾಕುವವರಿದ್ದರು. 2025ರಲ್ಲಿ ಅದರ ಉಚಿತ ಆವೃತ್ತಿಯ ವೆಬ್ ಕನ್ಸೋಲ್‌ನಿಂದ ಅಡ್ಮಿನ್ ಸೌಲಭ್ಯಗಳನ್ನು ತೆಗೆದ ಮೇಲೆ ಹೊಸದಾಗಿ ಹಾಕಲು ನನಗೆ ಮನಸ್ಸು ಬರುತ್ತಿಲ್ಲ.

ಮೆಷೀನು ಎಲ್ಲಿಡುವುದು?

ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿ ಆರಿಸಿ, ಮೂರೂ ಮೆಷೀನು ಬಿ.ಎಂ. ರಸ್ತೆಯ ಒಂದೇ ಕೋಣೆಯಲ್ಲಿ, ಒಂದೇ ಯುಪಿಎಸ್ ಮೇಲಿದ್ದರೆ ಮೇಲಿನ ಗುಣಾಕಾರಕ್ಕೆ ಅರ್ಥವಿಲ್ಲ. ಅವು ಬೀಳುವುದು ಒಟ್ಟಿಗೇ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಮ್ಮ ಕಡೆ ಸ್ವಿಚ್, ಮೋಡೆಮ್‌ಗಳನ್ನು ಬಿಟ್ಟಿದ್ದಿಲ್ಲ. ಮಳೆಗಾಲದಲ್ಲಿ ಘಟ್ಟದ ಕಡೆ ಮರ ಬಿದ್ದು ಲೈನು ಹೋದರೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಎರಡು ಕಂಪನಿಯ ಇಂಟರ್ನೆಟ್ ತಗೊಂಡಿದ್ದೇವೆ ಎನ್ನುತ್ತಾರೆ. ಹೊರಗೆ ಹೋಗಿ ಕಂಬ ನೋಡಿ, ಎರಡೂ ಫೈಬರ್ ಒಂದೇ ಕಂಬದ ಮೇಲೆ ಜೋತಾಡುತ್ತಿರುತ್ತವೆ. ರಸ್ತೆ ಅಗೆಯುವ ಜೆಸಿಬಿಗೆ ಎರಡೂ ಒಂದೇ ಏಟಿಗೆ ಸಿಗುತ್ತವೆ.

ಹಾಗಾಗಿ ಹೊರಗಿನ ಜನ ನೋಡುವ ಸೈಟು ಬೆಂಗಳೂರಿನ ಡೇಟಾ ಸೆಂಟರಲ್ಲೋ ಕ್ಲೌಡ್‌ನಲ್ಲೋ ಇರಲಿ. ಕ್ಯಾಂಪಸ್ ಒಳಗಿನವರೇ ಬಳಸುವ ವ್ಯವಸ್ಥೆ ಮಾತ್ರ ಇಲ್ಲೇ ಇದ್ದರೆ ಚೆನ್ನ. "ಒಂದು ಹಾಸನದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಇಟ್ಟು ಡಿಆರ್‌ಬಿಡಿ ಹಾಕೋಣ" ಎಂದೂ ಕೇಳುತ್ತಾರೆ. ಪ್ರೋಟೊಕಾಲ್ ಸಿಯಲ್ಲಿ ಪ್ರತಿ ಬರಹವೂ ಹೋಗಿ ಬರುವ ತನಕ ಕಾಯಬೇಕು. ಬ್ರಾಡ್‌ಬ್ಯಾಂಡ್ ಮೇಲೆ ಅದು ಬೇಡವೇ ಬೇಡ. ದೂರದ ಊರಿಗೆ ರಾತ್ರಿ ಬ್ಯಾಕಪ್ ಕಳಿಸಿ, ಅಷ್ಟು ಸಾಕು. ಎಷ್ಟು ಕಾಪಿ ಇದ್ದರೂ ಬ್ಯಾಕಪ್ ಬೇಕೇ ಬೇಕು. ಯಾರಾದರೂ ತಪ್ಪಿ ಡಿಲೀಟ್ ಮಾಡಿದರೆ ಮೂರು ಕಾಪಿಯೂ ಶಿಸ್ತಾಗಿ ಡಿಲೀಟ್ ಆಗುತ್ತವೆ.

ನಿಮಗೆ ಯಾವುದು?

ಹೋಮ್‌ಸ್ಟೇ ಬುಕಿಂಗ್ ಸೈಟು, ಬಜೆಟ್ ಬಿಗಿ: ಒಂದೇ ಸರ್ವರ್, ಫೋಟೋಗಳು ಆಬ್ಜೆಕ್ಟ್ ಸ್ಟೋರೇಜ್‌ಗೆ. ಬುಕಿಂಗ್ ಬೆಳೆದ ಮೇಲೆ ಎರಡನೇ ವೆಬ್ ಸರ್ವರ್, ಕ್ಲೌಡ್‌ನವರದೇ ಡೇಟಾಬೇಸ್. ಫೋಟೋ ಮೊದಲೇ ಹೊರಗಿರುವುದರಿಂದ ಆ ದಿನ ಸ್ಟೋರೇಜ್ ಮುಟ್ಟುವ ಕೆಲಸವೇ ಇರುವುದಿಲ್ಲ.

ಕಾಲೇಜಿನ ರಿಸಲ್ಟ್: ಪಿಡಿಎಫ್ ಹಾಕುವವರು ಸಿಬ್ಬಂದಿ ಮಾತ್ರ, ನೋಡುವವರು ಸಾವಿರಾರು. ಕಾಪಿ ಮಾಡುವ ದಾರಿ ಸಾಕು. ವರ್ಷಕ್ಕೆ ಕೆಲವು ದಿನ ಮಾತ್ರ ಹೆಚ್ಚುವರಿ ಸರ್ವರುಗಳನ್ನು ಬಾಡಿಗೆಗೆ ಎಬ್ಬಿಸಿ, ಕೆಲಸ ಮುಗಿದ ಮೇಲೆ ಮಲಗಿಸಿ. ಆಡಳಿತ ಮಂಡಳಿ "ಸರ್ವರ್ ಕಣ್ಣಿಗೆ ಕಾಣಬೇಕು, ಕ್ಯಾಂಪಸ್ಸಲ್ಲೇ ಇರಬೇಕು" ಎಂದು ಹಟ ಹಿಡಿದರೆ ಎನ್‌ಎಫ್‌ಎಸ್ ಜೊತೆ ಡಿಆರ್‌ಬಿಡಿ, ಎರಡು ಬೇರೆ ಬ್ಲಾಕ್‌ಗಳಲ್ಲಿ, ಎರಡು ಬೇರೆ ಯುಪಿಎಸ್ ಮೇಲೆ.

ಸುದ್ದಿ ಪೋರ್ಟಲ್: ಮುಂದೆ ಸಿಡಿಎನ್ ಹಾಕುವುದು ಮೊದಲ ಖರ್ಚು. ಹಾಸನಾಂಬೆ ದಿನಗಳ ನೂಕುನುಗ್ಗಲಿನಲ್ಲಿ ಎಲ್ಲರೂ ಓದುವುದು ಅದೇ ನಾಲ್ಕು ಸುದ್ದಿ, ಬಹುಪಾಲು ಅಲ್ಲೇ ತೀರಿಹೋಗುತ್ತದೆ. ಹಿಂದೆ ಎರಡು ವೆಬ್ ಸರ್ವರ್, ಹೊರಹೋಗುವ ಡೇಟಾಗೆ ಬಿಲ್ಲು ಹಾಕದ ಬಕೆಟ್.

ಹತ್ತಾರು ಗ್ರಾಹಕರ ಸೈಟು ನಡೆಸುವ ಕಂಪನಿ: 20 ಟಿಬಿ ಒಳಗಿದ್ದರೆ ಡಿಆರ್‌ಬಿಡಿ, ದಾಟುವ ಸೂಚನೆ ಇದ್ದರೆ ನಾಲ್ಕು ಮೆಷೀನಿನ ಸೆಫ್. ನಡುವಿನ ದಾರಿ ಹುಡುಕಿ ಮೂರು ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಸೆಫ್ ಹಾಕಬೇಡಿ.

ಆರಿಸಿದ ಮೇಲೆ, ಗ್ರಾಹಕರು ಬರುವ ಮುಂಚೆ, ಒಂದು ಭಾನುವಾರ ಹೀಗೆ ಮಾಡಿ. ಸೈಟಿಗೆ ನಕಲಿ ಲೋಡ್ ಬಿಟ್ಟುಕೊಂಡು ಒಂದು ವೆಬ್ ಸರ್ವರಿನ ಪವರ್ ವೈರ್ ಕೀಳಿ. ಅದು ಎದ್ದ ಮೇಲೆ ಯಜಮಾನ ಸ್ಟೋರೇಜ್ ಮೆಷೀನಿನದು ಕೀಳಿ. ಆಮೇಲೆ ಪವರ್ ಹಾಗೇ ಇರಲಿ, ಸ್ಟೋರೇಜ್‌ಗಳ ನಡುವಿನ ನೆಟ್‌ವರ್ಕ್ ವೈರ್ ಮಾತ್ರ ಕೀಳಿ. ಕೊನೆಗೆ ಬ್ಯಾಕಪ್‌ನಿಂದ ಒಂದು ಫೋಲ್ಡರ್ ಮರಳಿ ತನ್ನಿ. ಕ್ಲೌಡ್ ಆದರೆ ವೈರ್ ಬದಲು ಮೆಷೀನು ಸ್ಟಾಪ್ ಮಾಡಿ, ಫೈರ್‌ವಾಲ್‌ನಲ್ಲಿ ದಾರಿ ಮುಚ್ಚಿ. ಪ್ರತಿ ಸಲವೂ ಸೈಟು ಎಷ್ಟು ಸೆಕೆಂಡು ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಮೂರನೇ ಪರೀಕ್ಷೆಯಲ್ಲಿ ಎರಡು ಮೆಷೀನೂ ತಾನೇ ಯಜಮಾನ ಎಂದು ಹೇಳಿಕೊಂಡರೆ ಫೆನ್ಸಿಂಗ್ ಸರಿಯಾಗುವ ತನಕ ಲೈವ್ ಮಾಡಬೇಡಿ.